‘ಫೈಲ್ ಕರಪ್ಟ್ ಆಗಿದೆ ಸಾರ್’ ಅಂದ ತಕ್ಷಣ ದುಡ್ಡು ಬಿಚ್ಚಬೇಡಿ

ಬೈನರಿ ಫೈಲ್ (ಓದೋಕಾಗೋ ಅಕ್ಷರ ಅಲ್ಲ, ಬರೀ ಬೈಟ್‌ಗಳಿರೋ ಫೈಲ್) ಓದೋ ಕೋಡನ್ನು ಹೊರಗಡೆ ಬರೆಸುವವರು ದಯವಿಟ್ಟು ಇದನ್ನು ಓದಿ. ಒಂದು ಅಕ್ಷರ ಸೇರಿಸಿದ್ದಕ್ಕೆ ನನ್ನಿಂದ 6,000 ರೂಪಾಯಿ ಕಿತ್ತಿದ್ದಾರೆ. ಒಂದೇ ಅಕ್ಷರ!

ನಮ್ಮದು ರೇಷ್ಮೆ ಚಾಕಿ ಕೇಂದ್ರ, ಮರಿ ಹುಳು ಸಾಕಿ ರೈತರಿಗೆ ಕೊಡ್ತೀವಿ. ಹುಳು ಮನೆಯಲ್ಲಿ ಒಂದು ಲಾಗರ್ ಇದೆ, ತಾಪ ತೇವಾಂಶ ಅಳೆದು ಬರೆದಿಡೋ ಸಾಧನ. 5 ನಿಮಿಷಕ್ಕೊಮ್ಮೆ 2 ಬೈಟ್ ಬರೆಯುತ್ತೆ, ಮೊದಲನೆಯದು ತಾಪ, ಎರಡನೆಯದು ತೇವಾಂಶ. ದಿನಕ್ಕೊಂದು ಫೈಲ್, 576 ಬೈಟ್. ಮೊದಲಿಂದ ಕೊನೆವರೆಗೂ ಎರಡೆರಡು ಬೈಟ್ ಓದಿ ಎಕ್ಸೆಲ್‌ಗೆ ಹಾಕಬೇಕು, ಅಷ್ಟೇ ಕೆಲಸ. ಒಬ್ಬ ಫ್ರೀಲಾನ್ಸರ್ ಸಿ ಭಾಷೆಯಲ್ಲಿ ಬರೆದುಕೊಟ್ಟರು. ನಮ್ಮ ವಿಂಡೋಸ್ ಕಂಪ್ಯೂಟರ್‌ನಲ್ಲಿ ಓಡಿಸಿದರೆ 288 ಸಾಲು ಬರಬೇಕಾದ್ದು ಬೆಳಗಿನ ಹೊತ್ತಿಗೇ ನಿಂತುಬಿಡುತ್ತೆ. ಎರರ್ ಕೂಡ ಇಲ್ಲ.

ಕೇಳಿದ್ದಕ್ಕೆ ‘ಕರೆಂಟ್ ಹೋಗಿರುತ್ತೆ ಸಾರ್’. ಬ್ಯಾಟರಿ ಲಾಗರ್ ಕಣ್ರೀ ಅದು! ಆಮೇಲೆ ‘ನನ್ನ ಲ್ಯಾಪ್‌ಟಾಪಲ್ಲಿ ಪೂರ್ತಿ ಬರ್ತಿದೆಯಲ್ಲ’. ಅವರದು ಲಿನಕ್ಸ್. ಅಲ್ಲಿ ಪೂರ್ತಿ ಬಂದರೆ ಫೈಲ್ ಸರಿ ಇದೆ ಅಂತ ತಾನೇ? ಆಮೇಲೆ ಮಾತೇ ಬದಲು: ‘ಫೈಲ್ ಕರಪ್ಟ್ ಆಗಿದೆ ಸಾರ್, ರಿಕವರಿ ಚಾರ್ಜ್ ಬೇರೆ ಆಗುತ್ತೆ.’ ಹುಳು ಒಯ್ಯೋ ರೈತರು ತಾಪದ ಲೆಕ್ಕ ಕೇಳ್ತಿದ್ದರು, ಅದಕ್ಕೇ ಆ 6,000 ಕೊಟ್ಟೆ.

ಎಲ್ಲಾ ಸಾಲೂ ಬಂತು. ಥ್ಯಾಂಕ್ಸ್ ಬೇರೆ ಹೇಳಿದ್ದೆ, ಈಗ ನೆನೆಸಿಕೊಂಡರೆ ಮೈ ಉರಿಯುತ್ತೆ. ಅಕ್ಕನ ಮಗ ಬಂದಾಗ ಹಳೇ ಕೋಡು ಹೊಸ ಕೋಡು ಪಕ್ಕಪಕ್ಕ ಇಟ್ಟು ತೋರಿಸಿದ. ಫೈಲ್ ತೆರೆಯೋ ಎಫ್‌ಓಪನ್ ಅನ್ನೋ ಆದೇಶದಲ್ಲಿ ‘ಆರ್’ (ರೀಡ್, ಅಂದರೆ ಓದು) ಇದ್ದ ಕಡೆ ‘ಆರ್‌ಬಿ’ (ಬೈನರಿಯಾಗಿ ಓದು). ಬೇರೆ ಒಂದು ಚುಕ್ಕೆಯೂ ಬದಲಾಗಿಲ್ಲ. ಬರೀ ‘ಆರ್’ ಇದ್ದರೆ ವಿಂಡೋಸ್‌ನಲ್ಲಿ ಅದು ಟೆಕ್ಸ್ಟ್ ಫೈಲ್ ಅಂತ ಓದಿಕೊಳ್ಳುತ್ತೆ, 26 ಅನ್ನೋ ಬೈಟ್ ಸಿಕ್ಕಿದರೆ ಫೈಲ್ ಮುಗೀತು ಅಂತ ಕೈ ಬಿಡುತ್ತೆ. ಆ 26ಕ್ಕೇ ಕಂಟ್ರೋಲ್-ಝಡ್ ಅಂತ ಹೆಸರು, ಸಿಪಿ/ಎಂ, ಡಾಸ್ ಅನ್ನೋ ಹಳೇ ಆಪರೇಟಿಂಗ್ ಸಿಸ್ಟಮ್‌ಗಳ ಕಾಲದ ಚಾಳಿ. ಲಿನಕ್ಸ್‌ನಲ್ಲಿ ಆ ರಗಳೆ ಇಲ್ಲ. ಹುಳು ಮನೆ ಅಂದಮೇಲೆ 26 ಡಿಗ್ರಿ ಬಾರದೇ ಇರುತ್ತಾ? ಬಿಸಿಲೇರಿ 25 ಇದ್ದದ್ದು 26ಕ್ಕೆ ಹತ್ತಿದ ಗಳಿಗೆಯಲ್ಲೇ ನಿಂತಿದೆ. ಪ್ರತಿ ಫೈಲೂ ಅಲ್ಲೇ! ಲಾಗರ್ ಸರಿಯಾಗೇ ಇತ್ತು, ಫೈಲೂ ಸರಿಯಾಗೇ ಇತ್ತು.

ಫೋನ್ ಮಾಡಿದೆ. ‘ಅದು ವಿಂಡೋಸ್ ತಪ್ಪು ಸಾರ್, ನಂದಲ್ಲ.’ ಸರಿ, ಹಾಗಾದ್ರೆ ರಿಕವರಿ ಅಂತ ಏನು ಮಾಡಿದಿರಿ? ‘ಅದೇ ಸಾರ್ ರಿಕವರಿ.’ ಅದೇ ಅಂತೆ! ದುಡ್ಡು ವಾಪಸ್ ಕೇಳಿದ ಮೇಲೆ ಫೋನೇ ಎತ್ತುತ್ತಿಲ್ಲ.

ಕೊನೇ ಕಂತು ಕೊಡೋ ಮುಂಚೆ ಫೈಲ್ ಸೈಜನ್ನು ಒಂದು ಸಾಲಿನ ಬೈಟ್‌ನಿಂದ ಭಾಗಿಸಿ, ಅಷ್ಟು ಸಾಲು ಬಂತಾ ನೋಡಿ. ಅವರ ಲ್ಯಾಪ್‌ಟಾಪಲ್ಲಿ ಅಲ್ಲ, ನಿಮ್ಮ ಕಂಪ್ಯೂಟರ್‌ನಲ್ಲಿ. ಪೈಥಾನ್‌ನಲ್ಲಿ ಬರೆಸಿದರೂ ‘ಆರ್‌ಬಿ’ ಇದೆಯಾ ಅಂತ ಕೇಳಿ. ಸೋರ್ಸ್ ಕೋಡ್ ಕೊಡಲ್ಲ ಅನ್ನೋರಿಗೆ ಕೆಲಸಾನೇ ಕೊಡಬೇಡಿ. ನನ್ನ ಹತ್ರ ಅದು ಇದ್ದದ್ದಕ್ಕೆ ಬಚಾವ್, ಇಲ್ಲಾಂದ್ರೆ ಸುಮ್ನೆ ಹೊಸ ಲಾಗರ್ ತರೋಕೆ ಹೊರಟಿದ್ದೆ.