ಕ್ರ್ಯಾಕ್ ಲೈಟ್‌ರೂಮ್ ಹಾಕಿಸುವ ಮೊದಲು ಇದನ್ನು ಓದಿ

ಹಾಸನದ ಒಂದು ಮದುವೆ ಸ್ಟುಡಿಯೋದಲ್ಲಿ ಎರಡು ಸೀಸನ್ನಿನ ಎಡಿಟಿಂಗ್ ಒಂದೇ ಮಧ್ಯಾಹ್ನದಲ್ಲಿ ಹೋಯಿತು. ಡಿ ಡ್ರೈವಿನಲ್ಲಿದ್ದ ರಾ ಫೈಲುಗಳಿಗೆ (ಕ್ಯಾಮೆರಾ ಸಂಸ್ಕರಿಸದೆ ಉಳಿಸಿದ ಮೂಲ ಫೋಟೋ) ಏನೂ ಆಗಿಲ್ಲ. ಹೋಗಿದ್ದು ಅವುಗಳ ಮೇಲೆ ಮಾಡಿದ್ದ ಕೆಲಸ.

ಆದದ್ದಿಷ್ಟು: ಕಂಪ್ಯೂಟರ್ ಅಂಗಡಿಯಲ್ಲಿ ‘ಫುಲ್ ವರ್ಷನ್’ ಅಂತ ಹಾಕಿಕೊಟ್ಟಿದ್ದು ಅಡೋಬಿಯ ಫೋಟೋ ಎಡಿಟಿಂಗ್ ಸಾಫ್ಟ್‌ವೇರ್ ಲೈಟ್‌ರೂಮ್ 6ರ ಕ್ರ್ಯಾಕ್, ಅಂದರೆ ಕದ್ದ ಪ್ರತಿ. ಅದರ ಅಪ್‌ಡೇಟ್ 2017ಕ್ಕೇ ನಿಂತಿದೆ, ಕ್ಯಾನನ್‌ನ ಸಿಆರ್3 ಎಂಬ ಹೊಸ ಬಗೆಯ ರಾ ಫೈಲು ಬಂದಿದ್ದು 2018ರಲ್ಲಿ. ಹೊಸ ಕ್ಯಾಮೆರಾದ ಫೋಟೋ ತೆರೆಯಲೇ ಇಲ್ಲ. (ಅಡೋಬಿಯ ಡಿಎನ್‌ಜಿ ಕನ್ವರ್ಟರ್ ಪುಕ್ಕಟೆ ಸಿಗುತ್ತದೆ, ಅದರಲ್ಲಿ ಡಿಎನ್‌ಜಿ ಎಂಬ ರಾ ಬಗೆಗೆ ಬದಲಿಸಿಕೊಂಡಿದ್ದರೆ ಸಾಕಿತ್ತು.) ಇನ್ನೊಂದು ಕ್ರ್ಯಾಕ್ ಹುಡುಕಿ, ಅದು ಹೇಳಿದಂತೆ ಆಂಟಿವೈರಸ್ ಆಫ್ ಮಾಡಿ ಹಾಕಿದರು. ವೈರಸ್ ಹೊಕ್ಕಿತು, ಸಿ ಡ್ರೈವ್ ಫಾರ್ಮ್ಯಾಟ್ ಆಯಿತು. “ಫೋಟೋ ಎಲ್ಲ ಡಿ ಡ್ರೈವಲ್ಲಿದೆ ಅಲ್ವಾ ಸಾರ್, ಏನೂ ಆಗಲ್ಲ” ಅಂದಿದ್ದರು ಅಂಗಡಿಯವರು.

ಲೈಟ್‌ರೂಮ್ ನಿಮ್ಮ ಎಡಿಟ್ಟನ್ನು ಕ್ಯಾಮೆರಾದ ರಾ ಫೈಲಿನ ಒಳಗೆ ಬರೆಯುವುದಿಲ್ಲ. ಎಕ್ಸ್‌ಪೋಶರ್ ಎಷ್ಟು ಏರಿಸಿದಿರಿ, ಎಲ್ಲಿ ಕ್ರಾಪ್ ಮಾಡಿದಿರಿ, ಎಲ್ಲವೂ ಕ್ಯಾಟಲಾಗ್ ಎಂಬ ಒಂದೇ ಫೈಲಿನಲ್ಲಿ. ನೀವಾಗಿ ಬೇರೆ ಜಾಗ ತೋರಿಸದಿದ್ದರೆ ಅದು ಕೂರುವುದು ಸಿ ಡ್ರೈವಿನ ಪಿಕ್ಚರ್ಸ್ ಫೋಲ್ಡರಿನಲ್ಲಿ. ಬ್ಯಾಕಪ್ಪೂ ಅದರ ಪಕ್ಕದಲ್ಲೇ! ಎರಡೂ ಬೀಗದಕೈಯನ್ನು ಒಂದೇ ಗೊಂಚಲಿಗೆ ಹಾಕಿ ಕಳೆದುಕೊಂಡ ಹಾಗೆ.

ಈಗ ಲೈಟ್‌ರೂಮ್ ಕ್ಲಾಸಿಕ್ (ಚಂದಾ ಕಟ್ಟಿ ಬಳಸುವ ಆವೃತ್ತಿ) ಬಳಸುತ್ತಿರುವವರು ಇವತ್ತೇ ಎಡಿಟ್ ಮೆನುವಿನ ಕ್ಯಾಟಲಾಗ್ ಸೆಟ್ಟಿಂಗ್ಸ್‌ಗೆ ಹೋಗಿ, ಮೆಟಾಡೇಟಾ ಟ್ಯಾಬಿನಲ್ಲಿ ಎಕ್ಸ್‌ಎಂಪಿಗೆ (ಎಡಿಟ್ ವಿವರ ಬರೆದಿಡುವ ಫೈಲು) ತಾನಾಗಿ ಬರೆಯುವ ಆಯ್ಕೆಗೆ ಟಿಕ್ ಹಾಕಿ. ಹಳೆಯ ಫೋಟೋಗಳಿಗೆ ಲೈಬ್ರರಿ ಗ್ರಿಡ್‌ನಲ್ಲಿ ಕಂಟ್ರೋಲ್-ಎ, ಆಮೇಲೆ ಕಂಟ್ರೋಲ್-ಎಸ್. ಪ್ರತಿ ರಾ ಫೈಲಿನ ಪಕ್ಕ ಪುಟ್ಟದೊಂದು ಎಕ್ಸ್‌ಎಂಪಿ ಫೈಲು ಕಾಣಬೇಕು (ಡಿಎನ್‌ಜಿ ಆದರೆ ಅದರೊಳಗೇ ಬರೆಯುತ್ತದೆ). ಕಲೆಕ್ಷನ್ (ಆರಿಸಿ ಮಾಡಿದ ಗುಂಪು), ವರ್ಚುವಲ್ ಕಾಪಿ (ಅದೇ ಫೋಟೋದ ಇನ್ನೊಂದು ಎಡಿಟ್) ಅದರಲ್ಲಿ ಬರುವುದಿಲ್ಲ. ಅದಕ್ಕೆ ಕ್ಯಾಟಲಾಗ್ ಬ್ಯಾಕಪ್ಪನ್ನು ಹೊರಗಿನ ಹಾರ್ಡ್ ಡಿಸ್ಕಿಗೆ ತಿರುಗಿಸಿ. ಚಂದಾ ನಿಂತರೆ ಎಡಿಟ್ ಮಾಡುವ ಡೆವಲಪ್ ವಿಭಾಗ ಮುಚ್ಚುತ್ತದೆ, ಆದರೆ ಮಾಡಿದ ಎಡಿಟ್ ಎಕ್ಸ್‌ಪೋರ್ಟ್ ಮಾಡಬಹುದು.

ಚಂದಾ ಭಾರ ಅನ್ನಿಸಿದರೆ ಕ್ರ್ಯಾಕ್ ಯಾಕೆ, ಡಾರ್ಕ್‌ಟೇಬಲ್, ರಾಥೆರಪಿ ಎರಡೂ ಉಚಿತ. ಒಂದು ಎಕ್ಸ್‌ಎಂಪಿ, ಇನ್ನೊಂದು ಪಿಪಿ3 ಫೈಲನ್ನು ಫೋಟೋ ಪಕ್ಕದಲ್ಲೇ ಬರೆಯುತ್ತದೆ. ಆದರೆ ಒಂದರ ಎಡಿಟ್ ಇನ್ನೊಂದಕ್ಕೆ ಅರ್ಥವಾಗದು. ಡಾರ್ಕ್‌ಟೇಬಲ್‌ನಲ್ಲಿ ತೆರೆದ ಕೂಡಲೇ ಫೋಟೋ ಪೇಲವ ಕಂಡರೆ ಗಾಬರಿ ಬೇಡ, ಕ್ಯಾಮೆರಾ ಪರದೆಯಲ್ಲಿ ಕಂಡದ್ದು ಕ್ಯಾಮೆರಾವೇ ಬಣ್ಣ ಹಚ್ಚಿದ ಜೆಪೆಗ್.

ಸಾಫ್ಟ್‌ವೇರ್ ಆರಿಸುವಾಗ ಪರೀಕ್ಷೆಗೆ ನಿಮ್ಮವೇ ಎರಡು ಫೈಲು ಸಾಕು. ಬೇಲೂರು ದೇವಸ್ಥಾನದ ನವರಂಗದ (ಒಳಮಂಟಪ) ಕತ್ತಲಲ್ಲಿ ತೆಗೆದದ್ದೊಂದು: ಶ್ಯಾಡೋ ಎತ್ತಿದಾಗ ಕಂಬದ ಮೇಲೆ ನಾಯ್ಸ್ (ಕಾಳುಕಾಳು ಚುಕ್ಕೆ) ಎಷ್ಟು ನೋಡಿ. ಬಿಸಿಲಲ್ಲಿ ಅರಳಿದ ಕಾಫಿ ಹೂವಿನದೊಂದು: ಹೈಲೈಟ್ ಇಳಿಸಿದಾಗ ಎಸಳು ಮರಳುತ್ತದೋ, ಬೂದು ತೇಪೆಯಾಗುತ್ತದೋ. ಆಮೇಲೆ ಆ ಫೋಲ್ಡರನ್ನು ಪೆನ್‌ಡ್ರೈವಿಗೆ ಹಾಕಿ, ಅದೇ ಸಾಫ್ಟ್‌ವೇರಿರುವ ಬೇರೆ ಕಂಪ್ಯೂಟರಿನಲ್ಲಿ ತೆರೆಯಿರಿ. ಎಡಿಟ್ ಸಮೇತ ಬಂದರೆ ಮಾತ್ರ ಮದುವೆ ಕೆಲಸ ಅದರಲ್ಲಿ ಶುರುಮಾಡಿ.