ಪ್ಲಗ್ ಬಿಚ್ಚಿ ಎಂಜಿನ್ನಿನ ಆರೋಗ್ಯ ಹೇಳುವ ಉಸ್ತಾದರು: ವಿಜಯಪುರದ ಒಂದು ಗ್ಯಾರೇಜು

ಇಬ್ರಾಹಿಂ ರೋಜಾ ಕಡೆಗೆ ಹೋಗುವ ದಾರಿಯಲ್ಲಿ, ಬೇವಿನ ಮರದ ನೆರಳಿನಲ್ಲಿ ಈ ಗ್ಯಾರೇಜು ಇದೆ. ಬೋರ್ಡಿನ ಅಕ್ಷರಗಳು ಬಿಸಿಲಿಗೆ ಅಳಿಸಿಹೋಗಿವೆ. ಅಕ್ಕಪಕ್ಕದಲ್ಲಿ ಯಾರನ್ನಾದರೂ "ಪ್ಲಗ್ ನೋಡುವ ಉಸ್ತಾದ್ ಎಲ್ಲಿ?" ಎಂದು ಕೇಳಿದರೆ ತೋರಿಸುತ್ತಾರೆ. ಪ್ಲಗ್ ಎಂದರೆ ಎಂಜಿನ್ನಿನೊಳಗೆ ಕಿಡಿ ಹಾರಿಸಿ ಪೆಟ್ರೋಲ್ ಹೊತ್ತಿಸುವ ಸ್ಪಾರ್ಕ್ ಪ್ಲಗ್. ಬೈಕು, ಸ್ಕೂಟರು ಮಾತ್ರ; ಕಾರು ಮುಟ್ಟುವುದಿಲ್ಲ.

ನಾನು ಪಶುವೈದ್ಯಕೀಯ ಪರೀಕ್ಷಕ. ತಿಕೋಟಾ, ಬಬಲೇಶ್ವರ ಸುತ್ತಿನ ಹಳ್ಳಿಗಳಿಗೆ, ತೋಟದ ವಸ್ತಿಗಳಿಗೆ ದಿನವೂ ಬೈಕಿನ ಮೇಲೆಯೇ ತಿರುಗಾಟ. ಗಾಡಿ 2014ರದ್ದು, 100 ಸಿಸಿ, ಕಾರ್ಬೊರೇಟರ್ ಇರುವ ಹಳೆಯ ಮಾದರಿ. ಲೀಟರಿಗೆ 60 ಕಿ.ಮೀ. ಕೊಡುತ್ತಿದ್ದುದು ಈ ಬೇಸಿಗೆಯಲ್ಲಿ 42ಕ್ಕೆ ಇಳಿಯಿತು. ಏರಿನಲ್ಲಿ ಮಿಸ್ಸಿಂಗ್ (ಎಂಜಿನ್ ತಡೆತಡೆದು ಓಡುವುದು) ಬೇರೆ. ಮೊದಲು ತೋರಿಸಿದ ಗ್ಯಾರೇಜಿನಲ್ಲಿ ಸೈಲೆನ್ಸರ್ ಬಾಯಿಗೆ ಬೆರಳು ಹಾಕಿ, ಕಪ್ಪು ಮಸಿ ತೋರಿಸಿ, "ಬೋರ್ ಹೋಗಿದೆ, ಪಿಸ್ಟನ್, ರಿಂಗ್ ಎಲ್ಲ ಹೊಸದು ಹಾಕಬೇಕು, ಏಳೂವರೆ ಸಾವಿರ" ಎಂದರು. ಬೋರ್ ಎಂದರೆ ಪಿಸ್ಟನ್ ಓಡಾಡುವ ಸಿಲಿಂಡರಿನ ಒಳಗೋಡೆ. ಪ್ಲಗ್ ಬಿಚ್ಚಿಯೂ ನೋಡಲಿಲ್ಲ. ಇದು ನನಗೆ ಬಹಳ ಸಿಟ್ಟು ತರಿಸಿತು. ಆಕಳು ಮೇವು ಬಿಟ್ಟಿದೆ ಎಂದು ಕರೆದರೆ ನಾವು ಮೊದಲು ಕಣ್ಣಿನ ಕೆಳರೆಪ್ಪೆ ಎಳೆದು ನೋಡುತ್ತೇವೆ; ಒಳಗೆ ಬಿಳಚಿಕೊಂಡಿದ್ದರೆ ರಕ್ತ ಕಡಿಮೆ ಎಂದು ತಿಳಿಯುತ್ತದೆ. ಅಷ್ಟೂ ನೋಡದೆ ಸೂಜಿ ಚುಚ್ಚುವವನನ್ನು ಡಾಕ್ಟರ್ ಎಂದು ಯಾರು ಕರೆಯುತ್ತಾರೆ?

ಸಹೋದ್ಯೋಗಿಯೊಬ್ಬರು ಹೇಳಿದ್ದರಿಂದ ಉಸ್ತಾದರ ಬಳಿಗೆ ಹೋದೆ. ಮರದ ಕೆಳಗೆ ನಿಲ್ಲಿಸಿ, ಎಂಜಿನ್ ಬಂದ್ ಮಾಡದೆಯೇ ಐದು ನಿಮಿಷ ನನ್ನ ಕಷ್ಟ ಹೇಳಿಕೊಂಡೆ. ಅವರು ತಾಳ್ಮೆಯಿಂದ ಕೇಳಿ, "ಡಾಕ್ಟರ್ ಸಾಹೇಬರೇ, ನಿಂತಲ್ಲೇ ತಿರುಗಿದ ಎಂಜಿನ್ನಿನ ಪ್ಲಗ್ ಸುಳ್ಳು ಹೇಳುತ್ತದೆ. ನಡೆಯಿರಿ, ಸ್ವಲ್ಪ ಓಡಿಸೋಣ" ಎಂದು ಪ್ಲಗ್ ಪಾನಾವನ್ನು ಜೇಬಿಗೆ ಹಾಕಿಕೊಂಡು ಹಿಂದೆ ಕುಳಿತರು.

ತಿಕೋಟಾ ರಸ್ತೆಯಲ್ಲಿ ಆರು ಕಿ.ಮೀ. ಟಾಪ್ ಗೇರಿನಲ್ಲಿ ಓಡಿಸಿದೆ. ಅವರು ಭುಜ ತಟ್ಟಿದ ತಕ್ಷಣ, ಎಕ್ಸಲೇಟರ್ ಬಿಡುವ ಮೊದಲೇ ಕ್ಲಚ್ ಹಿಡಿದು ಕೀಲಿ ತಿರುಗಿಸಿದೆ. ಗಾಡಿ ಸದ್ದಿಲ್ಲದೆ ಉರುಳುತ್ತ ಬಂದು ಬದಿಗೆ ನಿಂತಿತು. ಎಂಜಿನ್ ದುಡಿಯುತ್ತಿದ್ದಾಗಿನ ಬಣ್ಣ ಹಾಗೆಯೇ ಪ್ಲಗ್ಗಿನ ಮೇಲೆ ಉಳಿಯಬೇಕಾದರೆ ಹೀಗೆಯೇ ನಿಲ್ಲಿಸಬೇಕಂತೆ. ಕೂಡಲೇ ಬಿಚ್ಚಲಿಲ್ಲ. ಅಲ್ಯೂಮಿನಿಯಂ ಹೆಡ್ಡು ಕಾದಿರುವಾಗ ಬಿಚ್ಚಿದರೆ ಒಳಗಿನ ಆಟೆ (ಪ್ಲಗ್ ತಿರುಗಿ ಕೂರುವ ಸುರುಳಿ ಗೆರೆ) ಕಿತ್ತುಬರುವ ಅಪಾಯವಿದೆ. ಆರುವವರೆಗೆ ಕಾದು, ಪ್ಲಗ್ಗಿನ ಬುಡದ ಧೂಳನ್ನು ಬಾಯಿಂದ ಊದಿ ತೆಗೆದರು. ಒಂದು ಮರಳಿನ ಕಣ ಸಿಲಿಂಡರಿಗೆ ಬಿದ್ದರೂ ಬೋರಿಗೆ ಗೀರು ಬೀಳುತ್ತದೆ.

ಹೊರಬಂದ ಪ್ಲಗ್ ಹಣತೆಯ ಮೇಲೆ ಹಿಡಿದ ತಟ್ಟೆಯಂತೆ ಕಪ್ಪಾಗಿತ್ತು. ಉಸ್ತಾದರು ಹೆಬ್ಬೆರಳಿನಿಂದ ಒರೆಸಿದರು. ಒಣ ಕಾಡಿಗೆಯಂಥ ಪುಡಿ ಬೆರಳಿಗೆ ಬಂತು, ಕೆಳಗಿನ ಲೋಹ ಕಂಡಿತು. "ರಿಂಗ್ ಹೋಗಿದ್ದರೆ ಇದು ಒದ್ದೆಯಾಗಿ ಹೊಳೆಯುತ್ತಿತ್ತು, ಬೆರಳಿಗೆ ಜಿಡ್ಡು ಹತ್ತುತ್ತಿತ್ತು. ಇದು ಒಣ ಮಸಿ. ಪೆಟ್ರೋಲ್ ಹೆಚ್ಚು ಬರುತ್ತಿದೆ, ಇಲ್ಲವೇ ಗಾಳಿ ಸಾಲುತ್ತಿಲ್ಲ. ಬೋರ್ ಗಟ್ಟಿಯಾಗಿದೆ" ಎಂದರು. ಆಮೇಲೆ ಹೊಗೆಯ ಬಗ್ಗೆ ವಿಚಾರಿಸಿದರು. ಬೆಳಗ್ಗೆ ಮೊದಲ ಕಿಕ್ಕಿಗೆ ನೀಲಿ ಹೊಗೆ ಬಂದು ನಿಂತರೆ ವಾಲ್ವ್ ಸೀಲಿನ ಮೇಲೆ ಸಂಶಯ. ಎಕ್ಸಲೇಟರ್ ಕೊಟ್ಟಾಗಲೆಲ್ಲ ಬಂದರೆ ರಿಂಗಿನ ಮೇಲೆ. ನನ್ನ ಗಾಡಿಯಲ್ಲಿ ಎರಡೂ ಇರಲಿಲ್ಲ.

ಗ್ಯಾರೇಜಿಗೆ ಮರಳಿ ಏರ್ ಫಿಲ್ಟರ್ ತೆಗೆದರೆ ಎರೆಮಣ್ಣಿನ ಧೂಳು ಹೆಪ್ಪುಗಟ್ಟಿ ಕುಳಿತಿತ್ತು. ಗಾಳಿಯನ್ನು ತಡೆಯುವ ಚೋಕಿನ ಕೇಬಲ್ ಕೂಡ ಅರ್ಧಕ್ಕೆ ಸಿಕ್ಕಿಕೊಂಡಿತ್ತು. ಹೊಸ ಫಿಲ್ಟರ್, ಕೇಬಲ್ಲಿಗೆ ಎಣ್ಣೆ, ಹೊಸ ಪ್ಲಗ್. ಕಿಡಿ ಹಾರುವ ಗ್ಯಾಪನ್ನು ಫೀಲರ್ ಗೇಜಿನ 0.8 ಮಿ.ಮೀ. ಪಟ್ಟಿಯಿಂದ ಅಳೆದು, ಬೆರಳಿನಿಂದಲೇ ಪೂರ್ತಿ ಕೂರಿಸಿ, ಕೊನೆಗೆ ಪಾನಾದಿಂದ ಅರ್ಧ ಸುತ್ತು. ಒಟ್ಟು 410 ರೂಪಾಯಿ. 300 ಕಿ.ಮೀ. ಓಡಿಸಿ ಮತ್ತೆ ತೋರಿಸಿದಾಗ ಪ್ಲಗ್ಗಿನ ಪಿಂಗಾಣಿ ಹದವಾಗಿ ಹುರಿದು ಸಿಪ್ಪೆ ತಿಕ್ಕಿದ ಶೇಂಗಾ ಬೀಜದ ಬಣ್ಣಕ್ಕೆ ಬಂದಿತ್ತು. ಅವರೇಜ್ ಈಗ 58.

ಅಲ್ಲಿಗೆ ಹೋದವರು ಗೋಡೆಯ ಹಲಗೆಯನ್ನು ತಪ್ಪದೆ ನೋಡಬೇಕು. ಅವರು ಬಿಚ್ಚಿದ ಹಳೆಯ ಪ್ಲಗ್ಗುಗಳನ್ನು ತಂತಿಯಿಂದ ಸಾಲಾಗಿ ಕಟ್ಟಿ, ಕೆಳಗೆ ಸೀಮೆಸುಣ್ಣದಿಂದ ಕಾರಣ ಬರೆದಿಟ್ಟಿದ್ದಾರೆ. ಒಂದನ್ನು ನನ್ನ ಕೈಗೆ ಕೊಟ್ಟರು. ಪಿಂಗಾಣಿ ಸುಣ್ಣದಂತೆ ಬಿಳಿ, ಮೇಲೆ ಸಣ್ಣ ಗುಳ್ಳೆಗಳು, ತುದಿ ಕರಗಿ ಮೊಂಡಾಗಿತ್ತು. ಬೆಳಕಿಗೆ ಹಿಡಿದರೆ ಸಾಸಿವೆಗಿಂತ ಸಣ್ಣ ಬೆಳ್ಳಿಯಂಥ ಚುಕ್ಕೆಗಳು. ಅವು ಪಿಸ್ಟನ್ನಿನ ಅಲ್ಯೂಮಿನಿಯಂ! ಆ ಪ್ಲಗ್ ಇದ್ದ ಗಾಡಿಯ ಹುಡುಗ ಒಂದು ಕಂಪನಿಯ ಪ್ಲಗ್ ತೆಗೆದು ಇನ್ನೊಂದು ಕಂಪನಿಯದನ್ನು ಬರೀ ಅಂಕಿ ನೋಡಿ ಹಾಕಿಸಿದ್ದನಂತೆ. ಎನ್‌ಜಿಕೆಯಲ್ಲಿ ಅಂಕಿ ದೊಡ್ಡದಾದಷ್ಟೂ ಪ್ಲಗ್ ತಂಪು, ಅಂದರೆ ಶಾಖವನ್ನು ಬೇಗ ಬಿಟ್ಟುಕೊಡುತ್ತದೆ. ಬಾಷ್‌ನಲ್ಲಿ ಅಂಕಿ ದೊಡ್ಡದಾದಷ್ಟೂ ಬಿಸಿ. ಪ್ಲಗ್ಗಿನ ತುದಿ ಸುಮಾರು 450 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ತನ್ನ ಮಸಿಯನ್ನು ತಾನೇ ಸುಟ್ಟುಕೊಳ್ಳುತ್ತದೆ. 850 ದಾಟಿದರೆ ಕಿಡಿ ಹಾರುವ ಮೊದಲೇ ಪೆಟ್ರೋಲ್ ಹೊತ್ತಿಕೊಂಡು ಪಿಸ್ಟನ್ನಿಗೆ ಹೊಡೆತ ಬೀಳುತ್ತದೆ. ಈ ಅಂತರದೊಳಗೆ ಇರಲೆಂದೇ ಕಂಪನಿಯವರು ಗಾಡಿಗೆ ಇಂಥದೇ ಪ್ಲಗ್ ಎಂದು ಗೊತ್ತುಮಾಡಿರುತ್ತಾರೆ.

ಇನ್ನೊಂದು ಪ್ಲಗ್ಗಿನ ಹೊರಭಾಗದಲ್ಲಿ, ಬಿಳಿ ಪಿಂಗಾಣಿ ಲೋಹವನ್ನು ಸೇರುವಲ್ಲಿ ಕಂದು ಉಂಗುರವಿತ್ತು. ಗ್ಯಾಸ್ ಸೋರಿದೆಯೇ ಎಂದು ಕೇಳಿದೆ. ಅದು ಸೋರಿಕೆಯಲ್ಲವಂತೆ. ಹೆಚ್ಚಿನ ವೋಲ್ಟೇಜಿನ ಸೆಳೆತಕ್ಕೆ ಗಾಳಿಯಲ್ಲಿನ ಎಣ್ಣೆಯ ಕಣಗಳು ಅಂಟಿಕೊಂಡು ಆಗುವ ಕಲೆ, ಅದರಿಂದ ತೊಂದರೆಯಿಲ್ಲ. ಇದನ್ನೇ ತೋರಿಸಿ ಹೊಸ ಪ್ಲಗ್ ಮಾರುವವರು ಇದ್ದಾರೆ, ಹುಷಾರು.

ಹಳೆಯ ಪ್ಲಗ್ಗನ್ನು ತಂತಿ ಬ್ರಷ್‌ನಿಂದ ಉಜ್ಜಿ ಮತ್ತೆ ಹಾಕಿಕೊಡಿ ಎಂದರೆ ಒಪ್ಪುವುದಿಲ್ಲ. ಬ್ರಷ್ಷಿನ ಲೋಹ ಪಿಂಗಾಣಿಯ ಮೇಲೆ ಗೆರೆಯಾಗಿ ಉಳಿದರೆ ಕರೆಂಟು ಆ ದಾರಿ ಹಿಡಿದು, ಕಿಡಿ ಬೀಳಬೇಕಾದಲ್ಲಿ ಬೀಳುವುದಿಲ್ಲ ಎನ್ನುತ್ತಾರೆ. ನನಗೆ ಇದು ಮೆಚ್ಚುಗೆಯಾಯಿತು.

ಕೊರತೆಗಳನ್ನೂ ಹೇಳಬೇಕು. ಒಬ್ಬರೇ ಕೆಲಸ ಮಾಡುವುದರಿಂದ ಎರಡು ಗಂಟೆ ಕಾಯಬೇಕಾದೀತು, ಕೂರಲು ಒಂದು ಕಲ್ಲು ಮಾತ್ರ. ಮುದ್ರಿತ ಬಿಲ್ ಇಲ್ಲ. ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ) ಅಳೆಯುವ ಗೇಜ್ ಇಲ್ಲದಿರುವುದು ದೊಡ್ಡ ಕೊರತೆ. ಪ್ಲಗ್ಗಿನಲ್ಲಿ ಎಣ್ಣೆ ಕಂಡಾಗ ರಿಂಗೋ ವಾಲ್ವೋ ಎಂದು ಅಂಕಿಯಲ್ಲಿ ಖಚಿತಪಡಿಸಿಕೊಳ್ಳಲು ಬೇರೆ ಕಡೆ ಕಳಿಸುತ್ತಾರೆ. ಅದನ್ನೊಂದು ತಂದಿಟ್ಟುಕೊಳ್ಳಿ ಎಂದು ನಾನು ಎರಡು ಸಲ ಹೇಳಿದ್ದೇನೆ.

2020ರ ಬಿಎಸ್-6 ಹೊಗೆ ಮಾಲಿನ್ಯ ನಿಯಮದ ನಂತರದ ಫ್ಯುಯೆಲ್ ಇಂಜೆಕ್ಷನ್ ಗಾಡಿ ನಿಮ್ಮದಾದರೆ, ಪ್ಲಗ್ ನೋಡಿ ಹೇಳುವುದಕ್ಕೆ ಮಿತಿಯಿದೆ ಎಂದು ಅವರೇ ಮೊದಲು ಹೇಳಿಬಿಡುತ್ತಾರೆ. ಸೆನ್ಸರುಗಳು ಮಿಶ್ರಣವನ್ನು ಕ್ಷಣಕ್ಷಣಕ್ಕೂ ಸರಿಪಡಿಸುತ್ತಿರುತ್ತವೆ. ಅಂಥ ಗಾಡಿಗೆ ಸ್ಕ್ಯಾನರ್ ಬೇಕು. ಸೀಸವಿಲ್ಲದ, ಎಥೆನಾಲ್ ಬೆರೆತ ಈಗಿನ ಪೆಟ್ರೋಲಿನಲ್ಲಿ ಪ್ಲಗ್ಗಿನ ಬಣ್ಣವೂ ಮೊದಲಿಗಿಂತ ತಿಳಿ. ಬಿಳಿಯಾಗಿದೆ ಎಂದ ಮಾತ್ರಕ್ಕೆ ಗಾಬರಿಯಾಗಬೇಡಿ. ಗುಳ್ಳೆ ಎದ್ದಿದೆಯೇ, ತುದಿ ಸವೆದಿದೆಯೇ ಎಂದು ನೋಡಿಸಿ.

ಹೋಗುವಾಗ ಬೆಳಗ್ಗೆ ಹತ್ತರೊಳಗೆ ಹೋಗಿ. ಪ್ಲಗ್ಗನ್ನು ಮನೆಯಲ್ಲಿ ಬಿಚ್ಚಿ ಒರೆಸಿ ಒಯ್ಯಬೇಡಿ, ಅಂಗಡಿಯ ಮುಂದೆ ಎಂಜಿನ್ ಚಾಲೂ ಇಟ್ಟು ಮಾತಿಗೆ ನಿಲ್ಲಬೇಡಿ. ನನ್ನ ಹಳೆಯ ಪ್ಲಗ್ಗೂ ಈಗ ಆ ಹಲಗೆಯಲ್ಲಿದೆ, ಎಡದಿಂದ ನಾಲ್ಕನೆಯದು. ಕೆಳಗೆ "ಒಣ ಮಸಿ, ಫಿಲ್ಟರ್, ಚೋಕ್" ಎಂದು ಬರೆದಿದ್ದಾರೆ.