ಹಳದಿ ಡಿಟಿ-830ಡಿ ಮೀಟರ್: ಕೊಳ್ಳುವುದಾದರೆ ಜೋಡಿ ಕೊಳ್ಳಿ

ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಹಿಡಿದು ಹೋಬಳಿಯ ಎಲೆಕ್ಟ್ರಿಕಲ್ ಅಂಗಡಿವರೆಗೆ ಎಲ್ಲ ಕಡೆ ಸಿಗುವ ಹಳದಿ ಮಲ್ಟಿಮೀಟರ್ ಇದು. ಮೇಲಿನ ಹೆಸರು ಬೇರೆ ಬೇರೆ ಇದ್ದರೂ ಒಳಗಿನ ಸರ್ಕ್ಯೂಟ್ ಹೆಚ್ಚುಕಡಿಮೆ ಒಂದೇ. ಬೆಲೆ 300 ರೂಪಾಯಿಯ ಆಸುಪಾಸು. ವೋಲ್ಟೇಜ್ ಮತ್ತು ಕರೆಂಟ್ ಅಳೆದು ರೋಧ, ವಾಟ್ ಲೆಕ್ಕ ಹಾಕಲು ಇದು ಸಾಕೇ? 12 ವೋಲ್ಟಿನ ಡಿಸಿ ಕೆಲಸಕ್ಕೆ ಧಾರಾಳವಾಗಿ ಸಾಕು. ಮನೆಯ 230 ವೋಲ್ಟಿನ ವಿಷಯಕ್ಕೆ ಬಂದರೆ ಅರ್ಧ ಕೆಲಸ ಮಾತ್ರ ಆಗುತ್ತದೆ.

ಲೆಕ್ಕ ಶಾಲೆಯಲ್ಲಿ ಕಲಿತದ್ದೇ. ವೋಲ್ಟನ್ನು ಆಂಪ್‌ನಿಂದ ಭಾಗಿಸಿದರೆ ಓಮ್, ಗುಣಿಸಿದರೆ ವಾಟ್. ಜನ ಎಡವುವುದು ಈ ಲೆಕ್ಕದಲ್ಲಲ್ಲ, ಅದಕ್ಕೆ ಹಾಕುವ ಅಂಕಿಗಳಲ್ಲಿ.

ಗಾಡಿಯ ಇಂಡಿಕೇಟರಿಗೆ ಹಾಕುವ 12 ವೋಲ್ಟ್, 21 ವಾಟಿನ ತಂತಿ ಬಲ್ಬು ತೆಗೆದುಕೊಳ್ಳಿ. ಆರಿರುವಾಗ 200 ಓಮ್ ಸಾಲಿನಲ್ಲಿ (ಮೀಟರಿನ ಗುಂಡಿ ತಿರುಗಿಸಿ ಆರಿಸುವ ಅಳತೆಯ ಮಿತಿ) ಅಳೆದರೆ ಮೀಟರ್ 1.0 ಓಮ್ ಆಸುಪಾಸು ತೋರಿಸುತ್ತದೆ. ಎರಡು ಪ್ರೋಬ್‌ಗಳನ್ನು, ಅಂದರೆ ಮೀಟರಿನ ಕೆಂಪು, ಕಪ್ಪು ತಂತಿಗಳ ಮೊನೆಗಳನ್ನು, ಒಂದಕ್ಕೊಂದು ತಾಗಿಸಿ ನೋಡಿ, ಅಲ್ಲೇ 0.4 ಬರುತ್ತದೆ. ಅದು ಪ್ರೋಬ್ ತಂತಿಯ ರೋಧ, ಕಳೆಯಬೇಕು. ಉಳಿದ 0.6 ಓಮ್ ಹಿಡಿದು 12×12÷0.6 ಎಂದು ಲೆಕ್ಕ ಹಾಕಿದರೆ 240 ವಾಟ್! ಬಲ್ಬಿನದು ತಪ್ಪಲ್ಲ, ಮೀಟರಿನದೂ ಅಲ್ಲ. ಟಂಗ್‌ಸ್ಟನ್ ತಂತಿ ಕಾದಾಗ ಅದರ ರೋಧ ಹತ್ತು ಪಟ್ಟಿಗೂ ಮೇಲೆ ಏರುತ್ತದೆ. ಅದೇ ಬಲ್ಬನ್ನು ಉರಿಸಿ ಅಳೆದರೆ 12 ವೋಲ್ಟಿಗೆ ಸುಮಾರು 1.75 ಆಂಪ್. ಅಂದರೆ 6.9 ಓಮ್, 21 ವಾಟ್. ಹಾಗಾಗಿ ಬಲ್ಬಿನ ವಾಟ್ ಬೇಕಿದ್ದರೆ ಓಮ್ ಸಾಲನ್ನು ನಂಬಬೇಡಿ, ಉರಿಯುವಾಗಿನ ವೋಲ್ಟ್ ಮತ್ತು ಆಂಪ್ ಹಿಡಿಯಿರಿ.

ಒಂದೇ ಮೀಟರ್ ಇದ್ದರೆ ತೊಂದರೆ ಶುರುವಾಗುವುದು ಇಲ್ಲೇ. ಕರೆಂಟ್ ಅಳೆಯಲು ಬಲ್ಬಿಗೆ ಹೋಗುವ ತಂತಿಯನ್ನು ಬಿಡಿಸಿ ಮೀಟರನ್ನು ನಡುವೆ ಸೇರಿಸುತ್ತೇವೆ. ಜೊತೆಗೆ ಬರುವ ತೆಳು ಪ್ರೋಬ್ ತಂತಿಯಲ್ಲಿ ಸುಮಾರು 0.3 ಓಮ್ ಇದ್ದರೂ, 55 ವಾಟಿನ ಹೆಡ್‌ಲೈಟಿನ 4.3 ಆಂಪ್ ಹರಿದಾಗ 1.3 ವೋಲ್ಟ್ ತಂತಿಯಲ್ಲೇ ಉಳಿದುಬಿಡುತ್ತದೆ. ಆಮೇಲೆ ಮೀಟರ್ ತೆಗೆದು ಬ್ಯಾಟರಿಯ ವೋಲ್ಟೇಜ್ ನೋಡಿದರೆ 12.2. ಗುಣಿಸಿದರೆ 52 ವಾಟ್. ಆದರೆ ಆ ಕರೆಂಟ್ ಹರಿಯುವಾಗ ಬಲ್ಬಿನ ಎರಡು ತುದಿಗಳ ನಡುವೆ ಇದ್ದದ್ದು 10.9 ವೋಲ್ಟ್, ಅಂದರೆ 47 ವಾಟ್ ಮಾತ್ರ. ಎರಡು ಮೀಟರ್ ಇದ್ದರೆ ಒಂದು ತಂತಿಯ ನಡುವೆ ನಿಂತು ಆಂಪ್ ನೋಡುತ್ತದೆ, ಇನ್ನೊಂದು ಬಲ್ಬಿನ ತುದಿಗಳ ಮೇಲೆಯೇ ಕೂತು ವೋಲ್ಟ್ ನೋಡುತ್ತದೆ. ದುಬಾರಿಯ ಒಂದೇ ಮೀಟರಿಗಿಂತ ಇಂಥ ಎರಡು ಅಗ್ಗದವು ಈ ಕೆಲಸಕ್ಕೆ ಮೇಲು ಎನ್ನುವುದು ಇದೇ ಕಾರಣಕ್ಕೆ. 10 ಆಂಪ್ ಸಾಲಿನಲ್ಲಿ ಹೆಚ್ಚು ಕರೆಂಟನ್ನು ಹತ್ತು ಸೆಕೆಂಡಿಗಿಂತ ಹೆಚ್ಚು ಹೊತ್ತು ಹರಿಯಲು ಬಿಡಬೇಡಿ.

ಇನ್ನು ಮನೆಯ ಕರೆಂಟು. ಈ ಮೀಟರಿಗೆ ಎಸಿ ಆಂಪ್ ಅಳೆಯುವ ಸಾಲೇ ಇಲ್ಲ. ಅದಕ್ಕೆ ತಂತಿಯನ್ನು ಇಕ್ಕಳದಂತೆ ಸುತ್ತ ಹಿಡಿದು ಅಳೆಯುವ ಟಾಂಗ್ ಟೆಸ್ಟರ್ ಬೇಕು. ಆದರೂ ಗೀಸರಿನ ಎಲಿಮೆಂಟಿಗೆ, ಅಂದರೆ ನೀರು ಕಾಯಿಸುವ ಕಾಯಿಲಿಗೆ, ಇದು ಒಳ್ಳೆಯ ಸಾಧನ. ಬೋರ್ಡಿನ ಎಂಸಿಬಿ ಸ್ವಿಚ್ ಇಳಿಸಿ, ಪ್ಲಗ್ ಕಿತ್ತು, ಎಲಿಮೆಂಟಿನ ತಂತಿಗಳನ್ನು ಬಿಚ್ಚಿ 200 ಓಮ್ ಸಾಲಿನಲ್ಲಿ ಅಳೆಯಿರಿ. ಪ್ರೋಬಿನ 0.4 ಕಳೆದ ಮೇಲೆ 26.4 ಓಮ್ ಬಂದರೆ 230 ವೋಲ್ಟಿಗೆ 2000 ವಾಟ್. ಎಡತುದಿಯಲ್ಲಿ ಬರೀ 1 ನಿಂತರೆ ಕಾಯಿಲ್ ತುಂಡಾಗಿದೆ. ಹೀಟರ್ ಕಾಯಿಲಿನ ನೈಕ್ರೋಮ್ ತಂತಿ ಕಾದರೂ ಅದರ ರೋಧ ಹೆಚ್ಚು ಬದಲಾಗುವುದಿಲ್ಲ, ಆದ್ದರಿಂದ ಬಲ್ಬಿನಲ್ಲಿ ಸುಳ್ಳಾದ ಲೆಕ್ಕ ಇಲ್ಲಿ ನಿಜವಾಗುತ್ತದೆ. ಸಂಜೆ ವೋಲ್ಟೇಜ್ 190ಕ್ಕೆ ಇಳಿದರೆ ಅದೇ ಗೀಸರ್ ಕೊಡುವುದು ಸುಮಾರು 1370 ವಾಟ್. ನೀರು ಕಾಯಲು ತಡವಾದರೆ ಎಲಿಮೆಂಟ್ ಬದಲಿಸುವ ಮೊದಲು ಇದನ್ನು ನೋಡಿ.

ಆ 190 ಎಷ್ಟು ನಿಖರ ಎಂಬುದೂ ಮುಖ್ಯ. 230 ಅಳೆಯಲು 750 ವೋಲ್ಟ್ ಸಾಲೇ ಗತಿ, ಅಲ್ಲಿ ಕನಿಷ್ಠ ಅಂಕಿ 1 ವೋಲ್ಟ್. ಕೈಪಿಡಿಯಲ್ಲಿ ಸಾಮಾನ್ಯವಾಗಿ ಬರೆದಿರುವ ತಪ್ಪಿನ ಮಿತಿ 1.2 ಶೇಕಡಾ ಮತ್ತು ಮೇಲೆ 10 ಅಂಕಿ (ಈ ಸಾಲಿನಲ್ಲಿ 10 ವೋಲ್ಟ್), ಅಂದರೆ 230ಕ್ಕೆ ಸುಮಾರು 13 ವೋಲ್ಟ್. ವಾಟ್ ಲೆಕ್ಕದಲ್ಲಿ ವೋಲ್ಟೇಜನ್ನು ವರ್ಗ ಮಾಡುವುದರಿಂದ ತಪ್ಪು ದುಪ್ಪಟ್ಟಾಗಿ ಶೇಕಡಾ 11ರವರೆಗೂ ಹೋಗಬಹುದು. ಪಂಪ್‌ಸೆಟ್, ಫ್ಯಾನುಗಳಿಗಂತೂ ಈ ಲೆಕ್ಕ ನಡೆಯುವುದೇ ಇಲ್ಲ. ವೈಂಡಿಂಗ್, ಅಂದರೆ ಒಳಗಿನ ತಂತಿ ಸುರುಳಿಯ ರೋಧದಿಂದ ಮೋಟಾರಿನ ಕರೆಂಟ್ ತಿಳಿಯದು, ವೋಲ್ಟ್‌ ಆಂಪ್ ಗುಣಿಸಿದರೂ ಪವರ್ ಫ್ಯಾಕ್ಟರ್ (ಆ ಗುಣಲಬ್ಧದಲ್ಲಿ ನಿಜವಾದ ವಾಟ್ ಎಷ್ಟು ಪಾಲು ಎಂಬ ಅಂಕಿ) ಸೇರದೆ ವಾಟ್ ಸಿಗದು.

ಅತಿ ದೊಡ್ಡ ಅಪಾಯ, ಕರೆಂಟ್ ಅಳೆಯಲು ಕೆಂಪು ಪ್ರೋಬ್ ಚುಚ್ಚುವ 10 ಆಂಪ್ ತೂತು. ಅದರ ಹಿಂದೆ ಇರುವುದು ದಪ್ಪ ತಂತಿಯ ಒಂದು ತುಂಡು, ಫ್ಯೂಸ್ ಇಲ್ಲ. ಕರೆಂಟ್ ಅಳೆದ ಮೇಲೆ ಕೆಂಪು ಪ್ರೋಬನ್ನು ಅಲ್ಲೇ ಬಿಟ್ಟು ಸಾಕೆಟ್ಟಿಗೆ ಹಚ್ಚಿದರೆ ನೇರ ಶಾರ್ಟ್: ಪ್ರೋಬಿನ ತುದಿ ಕರಗುತ್ತದೆ, ಕೈ ಸುಡುತ್ತದೆ. ಆಂಪ್ ನೋಡಿದ ಕೂಡಲೇ ಪ್ರೋಬನ್ನು ನಡುವಿನ ತೂತಿಗೆ ಮರಳಿಸಿ. ಮೇಲೆ ಏನೇ ಬರೆದಿದ್ದರೂ ಇದನ್ನು ಮೇನ್ ಬೋರ್ಡಿಗೆ, ತ್ರೀ ಫೇಸಿಗೆ ಒಯ್ಯಬೇಡಿ.

ತಾನಾಗಿ ಆಫ್ ಆಗುವ ವ್ಯವಸ್ಥೆ ಇಲ್ಲ, ಮರೆತರೆ 9 ವೋಲ್ಟ್ ಬ್ಯಾಟರಿ ಖಾಲಿ. ಬ್ಯಾಟರಿ ಇಳಿದಾಗ ಅಂಕಿ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. 12 ವೋಲ್ಟಿನ ಬ್ಯಾಟರಿ 14 ಎಂದರೆ ಮೊದಲು ಮೀಟರಿನ ಬ್ಯಾಟರಿ ಬದಲಿಸಿ.

ದುಡ್ಡು ಕೊಡುವ ಮುನ್ನ ಎರಡೂ ಮೀಟರುಗಳನ್ನು 20 ವೋಲ್ಟ್ ಸಾಲಿಗೆ ತಿರುಗಿಸಿ ಒಂದೇ 12 ವೋಲ್ಟ್ ಬ್ಯಾಟರಿಗೆ ಹಚ್ಚಿ. 0.15 ವೋಲ್ಟಿಗಿಂತ ಹೆಚ್ಚು ವ್ಯತ್ಯಾಸ ಕಂಡರೆ ಬೇರೆ ಕೇಳಿ. ಪ್ರೋಬ್‌ಗಳನ್ನು ತಾಗಿಸಿ ಹಿಡಿದು ತಂತಿಯನ್ನು ಬುಡದಲ್ಲಿ ಅಲ್ಲಾಡಿಸಿ, ಓಮ್ ಅಂಕಿ ಕುಣಿದರೆ ಆ ಪ್ರೋಬ್ ಬೇಡ.